ಪುಕ್ಕಟೆ ಕೈಪಿಡಿಗೆ ಕೇಳಬೇಕಾದ ಮೂರು ಪ್ರಶ್ನೆ



ವಿಂಡೋಸ್ 10 ಎಂಬ ಹೆಸರು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. 2015ರಲ್ಲಿ ಬಂದದ್ದು. ಹತ್ತು ವರ್ಷ ನಮ್ಮ ಮನೆ, ಕಚೇರಿ, ಶಾಲೆ, ಜೆರಾಕ್ಸ್ ಅಂಗಡಿಗಳ ಕಂಪ್ಯೂಟರುಗಳನ್ನು ನಡೆಸಿತು. 2025ರ ಅಕ್ಟೋಬರ್ ಮಧ್ಯದಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಾಗೆಂದು ಹಳೆಯ ಕಂಪ್ಯೂಟರು ಆ ದಿನವೇ ಕಣ್ಣು ಮುಚ್ಚಲಿಲ್ಲ. ಅದು ಈಗಲೂ ನಡೆಯುತ್ತದೆ. ಆದರೆ ಕಳ್ಳರು ನುಗ್ಗುವ ಸಂದುಗಳನ್ನು ಮುಚ್ಚುವ ತಿದ್ದುಪಡಿಗಳು ಇನ್ನು ತಾವಾಗಿ ಬರುವುದಿಲ್ಲ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಆ ದಿನದಿಂದ ಇನ್ನೊಂದು ವರ್ಷ ಸಿಗುತ್ತವೆ ಎಂದು ಕಂಪನಿ ಹೇಳಿತು. ಅಷ್ಟರಲ್ಲಿ ವಿಂಡೋಸ್ 11ಕ್ಕೆ ಬನ್ನಿ ಎಂಬುದು ಕಂಪನಿಯ ಕರೆ.

ಹೊಸದಕ್ಕೆ ಹೋದವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ. ಇದ್ದದ್ದು ಇದ್ದಲ್ಲಿ ಇಲ್ಲ. ಪರದೆಯ ಕೆಳಗೆ, ಎಡ ಮೂಲೆಯಲ್ಲಿ ಇರುತ್ತಿದ್ದ ಸ್ಟಾರ್ಟ್ ಗುಂಡಿ ಈಗ ನಡುವಿಗೆ ಬಂದು ಕೂತಿದೆ. ಇದನ್ನೆಲ್ಲ ಕಲಿಯುವುದು ಎಲ್ಲಿ? ಕೆಲವರು ಮಗಳನ್ನೋ ಮೊಮ್ಮಗನನ್ನೋ ಕೇಳುತ್ತಾರೆ. ಕೆಲವರು ವಿಡಿಯೊ ಹುಡುಕುತ್ತಾರೆ. ಕೆಲವರು ಅಂಗಡಿಗೆ ಒಯ್ದು ದುಡ್ಡು ಕೊಟ್ಟು ಕೇಳುತ್ತಾರೆ. ವಿಂಡೋಸನ್ನು ಮಾಡಿದ ಕಂಪನಿಯೇ ಬರೆದ ಕೈಪಿಡಿಯನ್ನು ತೆರೆಯುವವರು ಕಡಿಮೆ. ಅದು ಪುಕ್ಕಟೆ. ಅದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ.

ಇಂದಿನ ನನ್ನ ಮಾತು ಈ ಪುಕ್ಕಟೆ ಕೈಪಿಡಿಯ ಬಗ್ಗೆ. ಅದನ್ನು ಓದಿ ಎಂದು ಹೇಳಲು ಬಂದಿದ್ದೇನೆ. ಆದರೆ ಅದು ಹೇಳಿದ್ದನ್ನಷ್ಟೇ ಕೇಳಿ ಎದ್ದುಬರಬೇಡಿ. ಅದಕ್ಕೆ ಮೂರು ಪ್ರಶ್ನೆ ಹಾಕಿ. ಆ ಮೂರು ಪ್ರಶ್ನೆ ಯಾವುವು, ಅವನ್ನು ಏಕೆ ಕೇಳಬೇಕು ಎಂಬುದೇ ಈ ಭಾಷಣದ ತಿರುಳು.

ಮೊದಲು, ಕೈಪಿಡಿ ನಡೆದುಬಂದ ದಾರಿಯನ್ನು ನೋಡೋಣ.

ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುತ್ತಿದ್ದ ಡಾಸ್ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇದ್ದ ಕಾಲವನ್ನು ನೆನಪಿಸಿಕೊಳ್ಳಿ. ಆಗ ಪೆಟ್ಟಿಗೆಯೊಳಗೆ ಫ್ಲಾಪಿಗಳ ಜೊತೆ ದಪ್ಪ ಪುಸ್ತಕ ಬರುತ್ತಿತ್ತು. ಒಂದೊಂದು ಆಜ್ಞೆಗೂ ವಿವರಣೆ. ಪುಸ್ತಕ ಪಕ್ಕದಲ್ಲಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. 1995ರಲ್ಲಿ ವಿಂಡೋಸ್ 95 ಬಂತು. ಅದರ ಜೊತೆ ಬಂದ ಪುಸ್ತಕ ತೆಳ್ಳಗಾಗಿತ್ತು. ಉಳಿದ ವಿವರಣೆ ಕಂಪ್ಯೂಟರಿನ ಒಳಗೇ ಸೇರಿಕೊಂಡಿತು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಎಫ್ 1 ಎಂಬ ಕೀಲಿ ಇದೆಯಲ್ಲ, ಅದನ್ನು ಒತ್ತಿದರೆ ಸಹಾಯದ ಪುಟ ತೆರೆಯುತ್ತಿತ್ತು. ಬರಬರುತ್ತ ಅಚ್ಚಾದ ಪುಸ್ತಕ ಪೂರ್ತಿ ಮಾಯವಾಯಿತು. ಪೆಟ್ಟಿಗೆಯಲ್ಲಿ ಪುಸ್ತಕ ಇಲ್ಲ ಎಂಬ ಕೊರತೆಯನ್ನು ನೋಡಿಯೇ ಅಮೆರಿಕದ ಲೇಖಕ ಡೇವಿಡ್ ಪೋಗ್ ಕಾಣೆಯಾದ ಕೈಪಿಡಿ ಎಂಬರ್ಥದ ಹೆಸರಿನ ಪುಸ್ತಕಮಾಲೆಯನ್ನೇ ಶುರುಮಾಡಿದರು. ಕಂಪನಿ ಬರೆಯದೆ ಬಿಟ್ಟದ್ದನ್ನು ಹೊರಗಿನವರು ಬರೆದು ಮಾರಿದರು. ಜನ ಕೊಂಡು ಓದಿದರು.

2009ರಲ್ಲಿ ವಿಂಡೋಸ್ 7 ಬಂದಾಗ ಮೈಕ್ರೋಸಾಫ್ಟ್ ಒಂದು ಪರಿಚಯ ಪುಸ್ತಕ ಸಿದ್ಧಮಾಡಿತು. ನೂರಕ್ಕೂ ಹೆಚ್ಚು ಪುಟ. ಅಂತರ್ಜಾಲದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಹೊಸ ಸೌಲಭ್ಯಗಳು ಯಾವುವು, ಅವುಗಳಿಂದ ಏನು ಅನುಕೂಲ ಎಂದು ಅದು ಬಿಡಿಸಿ ಹೇಳಿತು. ಮನೆಯಲ್ಲಿ ಬಳಸುವವರಿಗೆ ಒಂದಷ್ಟು, ಕಂಪನಿಗಳ ಕಂಪ್ಯೂಟರ್ ವಿಭಾಗದವರಿಗೆ ಒಂದಷ್ಟು. ವಿಂಡೋಸ್ 11ಕ್ಕೆ ಬಂದಾಗ ಅದೂ ಬದಲಾಗಿತ್ತು. ಈಗ ಕೈಪಿಡಿ ಎಂದರೆ ಕಂಪನಿಯ ಜಾಲತಾಣದಲ್ಲಿ ಚದುರಿರುವ ಪುಟಗಳು. ಕಾರಣ ಸರಳ. ವಿಂಡೋಸ್ ತಿಂಗಳಿಗೊಮ್ಮೆ ಸಣ್ಣದಾಗಿ, ವರ್ಷಕ್ಕೊಮ್ಮೆ ದೊಡ್ಡದಾಗಿ ಬದಲಾಗುತ್ತದೆ. ಅಚ್ಚು ಹಾಕಿ ಕಟ್ಟುವಷ್ಟರಲ್ಲಿ ಪುಸ್ತಕ ಹಳತಾಗಿರುತ್ತದೆ.

ಹೀಗೆ ದಪ್ಪ ಪುಸ್ತಕ ತೆಳ್ಳಗಾಯಿತು, ತೆಳ್ಳಗಿನದು ಕಂಪ್ಯೂಟರಿನ ಒಳಗೆ ಹೋಯಿತು, ಅಲ್ಲಿಂದ ಅಂತರ್ಜಾಲಕ್ಕೆ ಹೊರಟಿತು. ಈಗ ಮುಂದಿನ ಪ್ರಶ್ನೆ. ಕಂಪನಿ ಇದನ್ನು ಪುಕ್ಕಟೆ ಏಕೆ ಕೊಡುತ್ತದೆ?

ಎರಡು ಕಾರಣ ಕಾಣುತ್ತವೆ. ಒಂದು, ನೀವು ಕೈಪಿಡಿ ಓದಿ ತಿಳಿದುಕೊಂಡರೆ ಸಹಾಯಕ್ಕಾಗಿ ಫೋನ್ ಮಾಡುವುದಿಲ್ಲ. ಫೋನ್ ಎತ್ತುವವರಿಗೆ ಸಂಬಳ ಕೊಡಬೇಕಲ್ಲ! ಎರಡು, ಹೊಸದನ್ನು ನೀವು ಮೆಚ್ಚಬೇಕು, ಬಳಸಬೇಕು, ಕೊಳ್ಳಬೇಕು. ಅಂದರೆ ಈ ಕೈಪಿಡಿ ಅರ್ಧ ಪಾಠ, ಅರ್ಧ ಜಾಹೀರಾತು.

ಇದರಲ್ಲಿ ಮೋಸವೇನೂ ಇಲ್ಲ. ಅದು ಹೇಳುವುದು ಹೆಚ್ಚಾಗಿ ನಿಜವೇ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮಗೆ ಗೊತ್ತಿದೆ. ಮಾಡಿದವರೇ ಬರೆದ ಪರಿಚಯದಲ್ಲಿ ಸೇರಿಸಿದ್ದರ ವರ್ಣನೆ ಮೊದಲ ಪುಟದಲ್ಲಿರುತ್ತದೆ. ತೆಗೆದುಹಾಕಿದ್ದರ ಸುದ್ದಿ ಇನ್ನೆಲ್ಲೋ ಒಳಪುಟದಲ್ಲಿರುತ್ತದೆ.

ವಿಂಡೋಸ್ 8ರ ಕಥೆ ಕೇಳಿ. 2012ರಲ್ಲಿ ಬಂತು. ಹಿಂದಿನ ಹದಿನೇಳು ವರ್ಷ ಎಲ್ಲರೂ ಒತ್ತುತ್ತಿದ್ದ ಸ್ಟಾರ್ಟ್ ಗುಂಡಿಯನ್ನು ಅದು ತೆಗೆದುಬಿಟ್ಟಿತ್ತು. ಮೊದಲ ಸಲ ಕಂಪ್ಯೂಟರ್ ತೆರೆದಾಗ ಒಂದು ಚಿಕ್ಕ ಚಲಿಸುವ ಚಿತ್ರ ಬರುತ್ತಿತ್ತು. ಮೌಸನ್ನು ಯಾವುದಾದರೂ ಮೂಲೆಗೆ ಒಯ್ಯಿರಿ ಎಂದು ಅದು ಹೇಳುತ್ತಿತ್ತು. ಪಾಠ ಹೆಚ್ಚುಕಡಿಮೆ ಅಷ್ಟೇ. ಅದೂ ಒಂದೇ ಸಲ. ಆ ಹೊತ್ತಿನಲ್ಲಿ ನೀವು ಕಾಫಿ ತರಲು ಎದ್ದಿದ್ದರೆ ಮುಗಿಯಿತು. ಕಂಪ್ಯೂಟರನ್ನು ಬಂದ್ ಮಾಡುವುದು ಹೇಗೆಂದು ತಿಳಿಯದೆ ಜನ ಒದ್ದಾಡಿದರು. ಮರುವರ್ಷ ವಿಂಡೋಸ್ 8.1 ಬಂತು. ಸ್ಟಾರ್ಟ್ ಗುಂಡಿ ಮರಳಿತು. ಅದರ ಜೊತೆಗೆ ಸಹಾಯ ಮತ್ತು ಸಲಹೆಗಳ ಒಂದು ಹೊಸ ಆಪ್ ಕೂಡ ಬಂತು. ದೊಡ್ಡ ಬದಲಾವಣೆಗೆ ಚಿಕ್ಕ ಪಾಠ ಸಾಲದು ಎಂಬುದು ಕಂಪನಿಗೂ ಅರಿವಾಗಿರಬೇಕು.

ಕೈಪಿಡಿ ಅರ್ಧ ಪಾಠ, ಅರ್ಧ ಜಾಹೀರಾತು ಎಂದೆ. ಎಲ್ಲ ಕೈಪಿಡಿಗಳೂ ಹೀಗೆಯೇ? ಅಲ್ಲ. ಬೇರೊಂದು ಪರಂಪರೆಯೂ ಇದೆ. ಅದು ಇನ್ನೂ ಹಳೆಯದು.

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸಿನಂತೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಹುಟ್ಟಿತು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಜನಕರು. ಅದರ ಮೊದಲ ಕೈಪಿಡಿಯ ಮೇಲಿರುವ ತಾರೀಕು 1971ರ ನವೆಂಬರ್. ಅದರಲ್ಲಿ ಪ್ರತಿ ಆಜ್ಞೆಯ ವಿವರಣೆಗೂ ಒಂದೇ ಚೌಕಟ್ಟು. ಆಜ್ಞೆಯ ಹೆಸರು. ಬರೆಯುವ ರೀತಿ. ಅದು ಮಾಡುವ ಕೆಲಸ. ಅಷ್ಟೇ ಅಲ್ಲ, ದೋಷಗಳು ಎಂಬ ಶೀರ್ಷಿಕೆಯೂ ಇತ್ತು. ಈ ಆಜ್ಞೆ ಎಲ್ಲಿ ಕೈಕೊಡುತ್ತದೆ ಎಂದು ಮಾಡಿದವರೇ ಅಲ್ಲಿ ಬರೆದಿಡುತ್ತಿದ್ದರು. ಅದರ ಹೊಣೆ ಯಾರದು ಎಂಬುದನ್ನೂ ನಮೂದಿಸುತ್ತಿದ್ದರು. ಏಕೆಂದರೆ ಓದುವವರು ಗ್ರಾಹಕರಲ್ಲ, ಹೆಚ್ಚಾಗಿ ಅದೇ ಸಂಸ್ಥೆಯ ಸಹೋದ್ಯೋಗಿಗಳು. ಮಾರುವ ಹಂಗಿರಲಿಲ್ಲ. ತಪ್ಪು ಮುಚ್ಚಿಟ್ಟರೆ ನಾಳೆ ಅವರೇ ಬಂದು ಕೇಳುತ್ತಿದ್ದರು.

ಆ ಪದ್ಧತಿ ಇಂದಿಗೂ ಬದುಕಿದೆ. ಯೂನಿಕ್ಸಿನ ಮಾದರಿಯಲ್ಲಿ ಮಾಡಿದ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇದೆ. ಅದರ ಒಂದು ಬಗೆ ಡೆಬಿಯನ್. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಸೇರಿ 1993ರಿಂದ ಅದನ್ನು ಕಟ್ಟುತ್ತಿದ್ದಾರೆ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಪ್ರತಿ ಆವೃತ್ತಿಯ ಜೊತೆಗೂ ಬಿಡುಗಡೆ ಟಿಪ್ಪಣಿ ಎಂಬ ಪುಸ್ತಕ. ಅದರಲ್ಲಿ ಹೊಸತೇನು ಎಂಬುದಕ್ಕೆ ಒಂದು ಅಧ್ಯಾಯ. ನೀವು ಎಚ್ಚರದಿಂದಿರಬೇಕಾದ ತೊಡಕುಗಳು ಯಾವುವು ಎಂಬುದಕ್ಕೆ ಇನ್ನೊಂದು ಅಧ್ಯಾಯ. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು. ಬಹಳ ಹಳೆಯ, 32 ಬಿಟ್ ಎಂದು ಕರೆಯುವ ಕಂಪ್ಯೂಟರುಗಳಿಗೆ ಈ ಆವೃತ್ತಿ ಹೊಂದುವುದಿಲ್ಲ. ಅಂಥ ಕಂಪ್ಯೂಟರ್ ಇದ್ದವರು ಇದಕ್ಕೆ ಏರಲೇಬಾರದು ಎಂದು ಆ ಟಿಪ್ಪಣಿ ಮುಖಕ್ಕೆ ಹೊಡೆದಂತೆ ಹೇಳುತ್ತದೆ. ನಮ್ಮದನ್ನು ತೆಗೆದುಕೊಳ್ಳಬೇಡಿ ಎಂದು ಮಾಡಿದವರೇ ಹೇಳುವ ಕೈಪಿಡಿ ಇದು.

ಈವರೆಗೆ ಹೇಳಿದ್ದನ್ನು ಒಟ್ಟುಮಾಡೋಣ. ಒಂದು ಬಗೆಯ ಕೈಪಿಡಿ ಗುಣವನ್ನು ಮುಂದಿಡುತ್ತದೆ. ಇನ್ನೊಂದು ಬಗೆಯದು ಗುಣದ ಪಕ್ಕದಲ್ಲೇ ದೋಷವನ್ನೂ ಇಡುತ್ತದೆ. ಮೊದಲ ಬಗೆಯದನ್ನು ನಾವು ಎರಡನೆಯದರಂತೆ ಓದುವುದು ಹೇಗೆ? ಮೂರು ಪ್ರಶ್ನೆ ಎಂದೆನಲ್ಲ, ಅವು ಇಲ್ಲಿ ಬರುತ್ತವೆ. ಬೇಕಿದ್ದರೆ ಗುರುತು ಹಾಕಿಕೊಳ್ಳಿ.

ಮೊದಲ ಪ್ರಶ್ನೆ. ಇದಕ್ಕೆ ಏನು ಬೇಕು?

ಪ್ರತಿ ಆಪರೇಟಿಂಗ್ ಸಿಸ್ಟಮಿಗೂ ಕನಿಷ್ಠ ಅಗತ್ಯಗಳ ಪಟ್ಟಿ ಇರುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಬೇಕು. 64 ಜಿಬಿ ಜಾಗ ಬೇಕು. ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಕಂಪನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಸ್ಥೂಲವಾಗಿ ಹೇಳುವುದಾದರೆ, 2018ಕ್ಕಿಂತ ಹಿಂದಿನ ಕಂಪ್ಯೂಟರುಗಳು ಬಹುಪಾಲು ಈ ಪಟ್ಟಿಯ ಹೊರಗೇ ಉಳಿಯುತ್ತವೆ. ನಿಮ್ಮದು ಒಳಗೋ ಹೊರಗೋ ಎಂದು ಪರೀಕ್ಷಿಸಲು ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆಪ್ ಇದೆ. ಮೊದಲು ಅದನ್ನು ನಡೆಸಿ. ಹೊಸ ಸೌಲಭ್ಯಗಳ ವರ್ಣನೆಯನ್ನು ಆಮೇಲೆ ಓದಿ. ಹೊರಗೆ ಉಳಿದರೆ ಅಂಗಡಿಗೆ ಓಡಬೇಡಿ. ಉಬುಂಟುವಿನಂಥ ಲಿನಕ್ಸ್ ಅದೇ ಹಳೆಯ ಕಂಪ್ಯೂಟರಿನಲ್ಲಿ ನಡೆಯಬಹುದು. ಅದೂ ಉಚಿತ, ಅದರ ಕೈಪಿಡಿಯೂ ಉಚಿತ. ಎರಡು ವರ್ಷಕ್ಕೊಮ್ಮೆ ಬರುವ ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ತಿದ್ದುಪಡಿಗಳು ಸಿಗುತ್ತವೆ.

ಇದಕ್ಕೆ ಏನು ಬೇಕು ಎಂದು ಕೇಳಿದ್ದಾಯಿತು. ಎರಡನೆಯ ಪ್ರಶ್ನೆ. ಇದರಲ್ಲಿ ಏನು ಹೋಯಿತು?

ವಿಂಡೋಸ್ 11 ಬಂದದ್ದು 2021ರಲ್ಲಿ. ಆಗ ಕಂಪನಿ ತನ್ನ ಜಾಲತಾಣದಲ್ಲಿ ಒಂದು ಪಟ್ಟಿ ಹಾಕಿತ್ತು. ಕೈಬಿಟ್ಟ ಸೌಲಭ್ಯಗಳ ಪಟ್ಟಿ. ಪರದೆಯ ತಳದ ಪಟ್ಟಿಯನ್ನು, ಅಂದರೆ ಟಾಸ್ಕ್ ಬಾರನ್ನು, ಬದಿಗೋ ಮೇಲಕ್ಕೋ ಒಯ್ಯುವಂತಿಲ್ಲ ಎಂದು ಅಲ್ಲಿ ಬರೆದಿತ್ತು. ಅಗತ್ಯಗಳ ಪುಟದಲ್ಲೇ, ಸ್ವಲ್ಪ ಕೆಳಗೆ. ಮೇಲಿನ ಸಾಲುಗಳನ್ನು ಓದಿ ಪುಟ ಮುಚ್ಚಿದವರಿಗೆ ಅದು ಕಾಣಲಿಲ್ಲ.

ಇನ್ನೊಂದು ಉದಾಹರಣೆ ವರ್ಡ್‌ಪ್ಯಾಡ್. 1995ರಿಂದ ವಿಂಡೋಸ್ ಜೊತೆ ಬರುತ್ತಿದ್ದ ಪುಟ್ಟ ಬರಹ ಸಾಧನ. ವರ್ಡ್ ಕೊಳ್ಳಲು ಆಗದವರು ಅದರಲ್ಲೇ ಅರ್ಜಿ, ಪತ್ರ ಬರೆಯುತ್ತಿದ್ದರು. ಅದನ್ನು ಮುಂದುವರಿಸುವುದಿಲ್ಲ ಎಂದು 2023ರಲ್ಲಿ ಕಂಪನಿ ಪ್ರಕಟಿಸಿತು. 2024ರ ದೊಡ್ಡ ಪರಿಷ್ಕರಣೆಯಲ್ಲಿ ಅದು ಇಲ್ಲವಾಯಿತು. ಈ ಸುದ್ದಿಯೂ ಅಧಿಕೃತ ಪುಟಗಳಲ್ಲೇ ಇತ್ತು. ಆದರೆ ಹೊಸ ಸೌಲಭ್ಯಗಳ ಪುಟದಲ್ಲಲ್ಲ. ನಿಲ್ಲಿಸಿದ ಸೌಲಭ್ಯಗಳ ಪುಟ ಎಂದೇ ಬೇರೊಂದಿದೆ. ನೀವು ದಿನವೂ ಬಳಸುವ ಸಾಧನದ ಹೆಸರು ಅಲ್ಲಿದೆಯೇ ಎಂದು ನೋಡಿಕೊಂಡರೆ, ಬದಲಿ ವ್ಯವಸ್ಥೆ ಮಾಡಿಕೊಳ್ಳಲು ಕಾಲಾವಕಾಶ ಸಿಗುತ್ತದೆ.

ಏನು ಬೇಕು, ಏನು ಹೋಯಿತು ಎಂದು ಕೇಳಿದೆವು. ಮೂರನೆಯ ಪ್ರಶ್ನೆ. ಎಲ್ಲಿ ಕೆಟ್ಟಿದೆ?

ಹೊಸದು ಬಂದ ಮೊದಲ ವಾರಗಳಲ್ಲಿ ದೋಷಗಳು ಸಹಜ. ಯಾರದೋ ಪ್ರಿಂಟರ್ ನಿಲ್ಲುತ್ತದೆ. ಯಾರದೋ ಧ್ವನಿ ಹೋಗುತ್ತದೆ. ಮೈಕ್ರೋಸಾಫ್ಟ್ ಇಂಥ ಗೊತ್ತಾದ ದೋಷಗಳಿಗಾಗಿಯೇ ವಿಂಡೋಸ್ ರಿಲೀಸ್ ಹೆಲ್ತ್ ಎಂಬ ಪುಟ ಇಟ್ಟಿದೆ. ಯಾವ ದೋಷ, ಯಾವ ಆವೃತ್ತಿಯಲ್ಲಿ, ಸರಿಯಾಯಿತೋ ಇಲ್ಲವೋ ಎಂದು ಅಲ್ಲಿ ಬರೆಯುತ್ತಾರೆ. ಕೆಲವೊಮ್ಮೆ ನಿಮ್ಮ ಕಂಪ್ಯೂಟರಿಗೆ ತೊಂದರೆಯಾಗುವ ಸಂಭವವಿದ್ದರೆ ಕಂಪನಿಯೇ ಪರಿಷ್ಕರಣೆಯನ್ನು ತಡೆದು ನಿಲ್ಲಿಸುತ್ತದೆ. ಪಕ್ಕದ ಮನೆಗೆ ಬಂದದ್ದು ನಮಗೇಕೆ ಬರಲಿಲ್ಲ ಎಂದು ಬಲವಂತವಾಗಿ ಹಾಕಿಸಿಕೊಳ್ಳಬೇಡಿ. ಆ ಪುಟ ನೋಡಿ. ಉತ್ತರ ಅಲ್ಲಿರಬಹುದು. ಯೂನಿಕ್ಸಿನವರು ಪ್ರತಿ ಆಜ್ಞೆಯ ಕೆಳಗೇ ಬರೆದಿಟ್ಟದ್ದನ್ನು ಇಲ್ಲಿ ನಾವು ಹುಡುಕಿ ಓದಬೇಕು. ವ್ಯತ್ಯಾಸ ಇಷ್ಟೇ.

ಮೂರು ಪ್ರಶ್ನೆ ಮುಗಿದವು. ಏನು ಬೇಕು? ಏನು ಹೋಯಿತು? ಎಲ್ಲಿ ಕೆಟ್ಟಿದೆ? ಇವುಗಳಿಗೆ ಉತ್ತರ ಸಿಕ್ಕ ಮೇಲೆ ಹೊಸ ಸೌಲಭ್ಯಗಳ ಪುಟಕ್ಕೆ ನಿಶ್ಚಿಂತೆಯಿಂದ ಹೋಗಿ. ಅಲ್ಲಿಯೂ ಮೊದಲಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ನಿಮ್ಮ ಕೆಲಸವನ್ನು ಕೈಯಲ್ಲಿ ಹಿಡಿದು ಹೋಗಿ.

ಕೆಲವು ಉದಾಹರಣೆ ಕೊಡುತ್ತೇನೆ. ಕೀಲಿಮಣೆಯ ಕೆಳಗಿನ ಸಾಲಿನಲ್ಲಿ, ಎಡಗಡೆ, ನಾಲ್ಕು ಚೌಕಗಳ ಗುರುತಿರುವ ಒಂದು ಕೀಲಿ ಇದೆ. ಅದು ವಿಂಡೋಸ್ ಕೀಲಿ. ಅದನ್ನು ಅದುಮಿ ಹಿಡಿದು ವಿ ಅಕ್ಷರ ಒತ್ತಿ. ಮೊದಲ ಸಲ ಅನುಮತಿ ಕೇಳುತ್ತದೆ, ಕೊಡಿ. ಆಮೇಲೆ ನೀವು ನಕಲು ಮಾಡಿಕೊಂಡ ಕೊನೆಯ 25ರಷ್ಟು ತುಣುಕುಗಳು ಒಂದರ ಕೆಳಗೊಂದು ಬರುತ್ತವೆ. ಬೇಕಾದ್ದನ್ನು ಆರಿಸಿ ಅಂಟಿಸಬಹುದು. ದಿನವೂ ಅರ್ಜಿ ತುಂಬುವವರಿಗೆ ಇದು ದೊಡ್ಡ ಅನುಕೂಲ.

ಕಣ್ಣು ಮಂಜಾದವರು ಅದೇ ಕೀಲಿಯ ಜೊತೆ ಕೂಡಿಸುವ ಚಿಹ್ನೆಯನ್ನು ಒತ್ತಿ. ಪರದೆಯೇ ದೊಡ್ಡದಾಗಿ ಕಾಣುತ್ತದೆ. ಕಣ್ಣು ಕಾಣದವರು ವಿಂಡೋಸ್ ಕೀಲಿ, ಕಂಟ್ರೋಲ್ ಕೀಲಿ, ಎಂಟರ್ ಕೀಲಿ, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳತೊಡಗುತ್ತದೆ. ನಿಲ್ಲಿಸಲು ಅದೇ ಮೂರು ಕೀಲಿ. ಸುಲಭ ಬಳಕೆಯ ಸೌಲಭ್ಯಗಳಿಗೆಂದೇ ಕೈಪಿಡಿಯಲ್ಲಿ ಪ್ರತ್ಯೇಕ ಭಾಗವಿದೆ. ಮನೆಯಲ್ಲಿ ಹಿರಿಯರಿದ್ದರೆ ಓದಿ ಹೇಳಿ.

ಇನ್ನು ಕನ್ನಡ. ವಿಂಡೋಸಿನಲ್ಲಿ ಕನ್ನಡ ಬರೆಯಲು ಹೊರಗಿನ ತಂತ್ರಾಂಶ ಬೇಕೇ ಬೇಕು ಎಂದು ಈಗಲೂ ನಂಬಿದವರಿದ್ದಾರೆ. 2019ರಲ್ಲೇ ವಿಂಡೋಸ್ 10ಕ್ಕೆ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಉಚ್ಚಾರಣಾನುಸಾರಿ ಕೀಲಿಮಣೆ ಬಂತು. ಅಮ್ಮ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡದಲ್ಲಿ ಮೂಡುತ್ತದೆ. ಸೆಟ್ಟಿಂಗ್ಸ್ ತೆರೆದು, ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನೂ ಅದರ ಉಚ್ಚಾರಣಾನುಸಾರಿ ಕೀಲಿಮಣೆಯನ್ನೂ ಸೇರಿಸಬೇಕು. ಆಮೇಲೆ ವಿಂಡೋಸ್ ಕೀಲಿ ಹಿಡಿದು, ಉದ್ದನೆಯ ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿ ತಂತ್ರಾಂಶದ ಕೀಲಿಮಣೆ ರೂಢಿಯಾದವರಿಗೆ ಇದು ಬೇರೆ ಎನಿಸುತ್ತದೆ. ಆದರೆ ಹೊಸದಾಗಿ ಕಲಿಯುವವರಿಗೆ ಸಲೀಸು.

ಗಮನಿಸಿದಿರಾ? ನಾನು ಹೇಳಿದ ಈ ನಾಲ್ಕೂ ಅನುಕೂಲಗಳು ಹಳೆಯ ವಿಂಡೋಸ್ 10ರಲ್ಲೂ ಇದ್ದವು. ಕೈಪಿಡಿಯನ್ನು ಯಾರೂ ತೆರೆಯದ ಕಾರಣ ಅವು ವರ್ಷಗಟ್ಟಲೆ ಹಾಗೇ ಕೂತಿದ್ದವು. ಹೊಸದರ ಕೈಪಿಡಿ ಓದುವುದರ ಒಂದು ಲಾಭ, ಹಳೆಯದರಲ್ಲಿ ಏನಿತ್ತು ಎಂಬುದು ಗೊತ್ತಾಗುವುದು. ಎಷ್ಟೋ ಸಲ ನಮಗೆ ಬೇಕಾದದ್ದಕ್ಕೆ ಹೊಸ ಕಂಪ್ಯೂಟರೇ ಬೇಕಾಗಿರುವುದಿಲ್ಲ.

ನಮ್ಮ ಕೆಲಸವನ್ನು ಹಿಡಿದು ಕೈಪಿಡಿಗೆ ಹೋಗಬೇಕು ಎಂಬಲ್ಲಿಗೆ ಬಂದೆವು. ಇನ್ನೊಂದು ಎಚ್ಚರಿಕೆ. ನೀವು ತೆರೆದದ್ದು ನಿಜಕ್ಕೂ ಅಧಿಕೃತ ಕೈಪಿಡಿಯೇ?

ಜಾಲತಾಣದ ವಿಳಾಸವನ್ನು ನೋಡಿ. ಮೈಕ್ರೋಸಾಫ್ಟಿನ ಸಹಾಯ ಪುಟಗಳು ಸಪೋರ್ಟ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್ ಎಂಬಲ್ಲಿವೆ. ಆಪಲ್ ಕಂಪ್ಯೂಟರಿನವು ಸಪೋರ್ಟ್ ಡಾಟ್ ಆಪಲ್ ಡಾಟ್ ಕಾಮ್‌ನಲ್ಲಿ. ಉಬುಂಟುವಿನವು ಹೆಲ್ಪ್ ಡಾಟ್ ಉಬುಂಟು ಡಾಟ್ ಕಾಮ್‌ನಲ್ಲಿ. ಇವುಗಳಲ್ಲಿ ಯಾವುದೂ ಓದಲು ಹಣ ಕೇಳುವುದಿಲ್ಲ. ಬ್ಯಾಂಕಿನ ವಿವರ ಕೇಳುವುದಿಲ್ಲ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಪರದೆಯ ಮೇಲೆ ಬಂದರೆ ಅದು ಕೈಪಿಡಿಯಲ್ಲ, ಬಲೆ. ಮೈಕ್ರೋಸಾಫ್ಟ್ ತನ್ನ ದೋಷ ಸೂಚನೆಗಳಲ್ಲಿ ಫೋನ್ ನಂಬರು ಹಾಕುವುದಿಲ್ಲ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಅಧಿಕೃತ ಕೈಪಿಡಿಯನ್ನು ಗುರುತಿಸುವುದು ಹೇಗೆಂದು ನೋಡಿದೆವು. ಕೊನೆಯದಾಗಿ ಒಂದು ಸಲಹೆ. ಇದು ಶಿಕ್ಷಕರಿಗೆ, ಗ್ರಂಥಪಾಲಕರಿಗೆ, ಊರಿನ ಯುವಕ ಯುವತಿಯರಿಗೆ.

ಓದಲು ಉಚಿತವಾದ ಕೈಪಿಡಿಗಳೆಲ್ಲ ಹಂಚಲೂ ಉಚಿತವಲ್ಲ. ಪ್ರತಿ ಕೈಪಿಡಿಗೂ ಅದರದೇ ಪರವಾನಗಿ ಇರುತ್ತದೆ. ಆದರೆ ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಕಾಣುವ ಗ್ನೋಮ್ ಎಂಬ ಪರದೆ ವ್ಯವಸ್ಥೆಯ ಸಹಾಯ ಪುಸ್ತಕಕ್ಕೆ ಉದಾರವಾದ ಪರವಾನಗಿ ಇದೆ. ಯಾರು ಬೇಕಾದರೂ ಅದನ್ನು ನಕಲು ಮಾಡಬಹುದು, ಅಚ್ಚು ಹಾಕಬಹುದು, ಕನ್ನಡಿಸಬಹುದು. ಷರತ್ತು ಎರಡೇ. ಮೂಲ ಬರೆದವರ ಹೆಸರು ಹೇಳಬೇಕು. ನೀವು ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಇತರರಿಗೆ ಬಿಟ್ಟುಕೊಡಬೇಕು. ನಮ್ಮ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಹಳ್ಳಿಯ ಗ್ರಂಥಾಲಯಗಳಿಗೆ, ಈಗ ಕಂಪ್ಯೂಟರುಗಳು ಬಂದಿವೆ. ಅವುಗಳ ಪಕ್ಕದಲ್ಲಿ ಈ ಸಹಾಯ ಪುಸ್ತಕದಿಂದ ಕನ್ನಡಿಸಿದ ಒಂದು ತೆಳು ಕೈಪಿಡಿ ಇದ್ದರೆ ಹೇಗೆ? ಹತ್ತು ಹಾಳೆ ಸಾಕು. ಕಡತ ಉಳಿಸುವುದು, ಮುದ್ರಿಸುವುದು, ಕನ್ನಡ ಬರೆಯುವುದು, ಅಕ್ಷರ ದೊಡ್ಡದು ಮಾಡುವುದು. ಹೀಗೆ ದಿನಬಳಕೆಯ ಕೆಲಸಗಳು. ಪ್ರತಿ ಕೆಲಸದ ಕೆಳಗೆ ಒಂದು ಸಾಲು ಖಾಲಿ ಬಿಡಿ. ಇಲ್ಲಿ ತೊಡಕಾಯಿತು ಎಂದು ಬಳಸಿದವರು ಅಲ್ಲಿ ಬರೆಯಲಿ. ಮುಂದಿನ ಸಲ ಅಚ್ಚು ಹಾಕುವಾಗ ಆ ಸಾಲುಗಳನ್ನು ಓದಿ ತಿದ್ದಿ. ಒಂದು ಕಾಲೇಜಿನ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ ಇದು. ಯಾರ ಅಪ್ಪಣೆಯೂ ಬೇಕಿಲ್ಲ, ಪರವಾನಗಿಯೇ ಅಪ್ಪಣೆ ಕೊಟ್ಟಿದೆ.